ಜಿಒಜಿ ಗೇಮ್ ಅಂಗಡಿ: ಧೈರ್ಯವಾಗಿ ಕೊಳ್ಳಿ, ಆದರೆ ಇನ್‌ಸ್ಟಾಲರ್ ಇಳಿಸಿ ಇಟ್ಟುಕೊಳ್ಳಿ

ಹಳೇ ಪಿಸಿ ಗೇಮ್ ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಜಿಒಜಿ ಡಾಟ್ ಕಾಮ್. ಶುರುವಿನಲ್ಲಿ ಇದರ ಹೆಸರು ಗುಡ್ ಓಲ್ಡ್ ಗೇಮ್ಸ್ ಅಂತಿತ್ತು. ಪೋಲೆಂಡಿನ ಸಿಡಿ ಪ್ರೊಜೆಕ್ಟ್, ಅಂದರೆ 'ದಿ ವಿಚರ್' ಗೇಮ್ ಮಾಡಿದವರು, 2008ರಲ್ಲಿ ತೆರೆದ ಅಂಗಡಿ. ಸೈಬರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದ ಕಮಾಂಡೋಸ್ ಇಲ್ಲಿದೆ, ಪ್ರಿನ್ಸ್ ಆಫ್ ಪರ್ಷಿಯಾ ಇದೆ. ಈಗಿನ ವಿಂಡೋಸಿನಲ್ಲಿ ಓಡುವ ಹಾಗೆ ಸರಿಮಾಡಿ ಕೊಡುತ್ತಾರೆ. ವಿಂಡೋಸಿಗಿಂತ ಹಿಂದಿನ ಡಾಸ್ ಕಾಲದ ಗೇಮ್ ಆದರೆ, ಅದನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಜೊತೆಗೇ ಬರುತ್ತದೆ, ನೀವು ಸೆಟ್ಟಿಂಗ್ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಷ್ಟೋ ಗೇಮ್‌ಗಳ ಜೊತೆ ಹಳೇ ಡಬ್ಬಿಯಲ್ಲಿ ಬರುತ್ತಿದ್ದ ಮ್ಯಾನುಯಲ್ ಕೂಡ ಪಿಡಿಎಫ್ ಆಗಿ ಸಿಗುತ್ತದೆ, ಕೆಲವಕ್ಕೆ ಸಂಗೀತವೂ.

ಆದರೆ ಈ ಅಂಗಡಿ 2010ರಲ್ಲಿ ಮಾಡಿದ ಒಂದು ಕೆಲಸದ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಆ ವರ್ಷ ಸೆಪ್ಟೆಂಬರ್ 19, ಭಾನುವಾರ, ಸೈಟ್ ತೆರೆದವರಿಗೆ ಗೇಮ್‌ಗಳ ಪಟ್ಟಿ ಕಾಣಲಿಲ್ಲ, ಒಂದು ಚೀಟಿ ಮಾತ್ರ ಕಂಡಿತು. ಈಗಿರುವ ರೂಪದಲ್ಲಿ ಜಿಒಜಿ ಮುಂದುವರಿಯಲು ಆಗುವುದಿಲ್ಲ ಎಂಬ ಅರ್ಥದ ಮಾತು. ಕೊಂಡ ಗೇಮ್‌ಗಳನ್ನು ಮತ್ತೆ ಇಳಿಸಿಕೊಳ್ಳಲು ಆ ವಾರದಲ್ಲೇ ಏನಾದರೂ ವ್ಯವಸ್ಥೆ ಮಾಡುತ್ತೇವೆ ಅಂತಲೂ ಇತ್ತು. ಜನ ಅಂಗಡಿ ಮುಚ್ಚಿತು ಅಂದುಕೊಂಡರು. ಬೇರೆ ಏನು ಅಂದುಕೊಳ್ಳಬೇಕಿತ್ತು? ಗೇಮ್ ಪತ್ರಿಕೆಗಳೂ ಹಾಗೇ ಬರೆದವು. 22ಕ್ಕೆ ಅಂಗಡಿಯವರು ಕ್ರೈಸ್ತ ಸನ್ಯಾಸಿಗಳ ನಿಲುವಂಗಿ ತೊಟ್ಟು ವಿಡಿಯೋದಲ್ಲಿ ಬಂದು, ಮುಚ್ಚಿಲ್ಲ, ಬೀಟಾ, ಅಂದರೆ ಪರೀಕ್ಷೆಯ ಹಂತ, ಮುಗಿಯಿತು ಅಷ್ಟೇ, ಹೊಸ ಸೈಟ್ ಬರುತ್ತಿದೆ ಅಂದರು. ಮರುದಿನ ಹೊಸ ಸೈಟ್ ತೆರೆಯಿತು, ಬಾಲ್ಡರ್ಸ್ ಗೇಟ್ ಎಂಬ ದೊಡ್ಡ ಹೆಸರಿನ ಗೇಮ್ ಜೊತೆಗೆ. ಕ್ಷಮೆಯನ್ನೂ ಕೇಳಿದರು. ನಮ್ಮದು ಸಣ್ಣ ಕಂಪನಿ, ಪ್ರಚಾರಕ್ಕೆ ಜಾಸ್ತಿ ದುಡ್ಡಿಲ್ಲ ಅನ್ನುವುದು ಅವರ ಸಮಜಾಯಿಷಿ.

ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಬ್ಯಾಂಕ್ ಲಾಕರಿನಲ್ಲಿ ಒಡವೆ ಇಟ್ಟವರು ಬಂದು ನೋಡಿದಾಗ ಬಾಗಿಲಿಗೆ ಬೀಗ, ಪಕ್ಕದಲ್ಲೊಂದು ಚೀಟಿ, ಆಮೇಲೆ ಹೊಸ ಕಟ್ಟಡದ ಗೃಹಪ್ರವೇಶಕ್ಕೆ ಆಹ್ವಾನ ಅಂದರೆ ಯಾರಿಗಾದರೂ ನಗು ಬರುತ್ತದೆಯೇ? ಜಿಒಜಿ ಮಾರುತ್ತಿದ್ದದ್ದು ಬರೀ 6 ಡಾಲರ್, 10 ಡಾಲರ್ ಗೇಮ್‌ಗಳನ್ನಲ್ಲ. 'ಕೊಂಡ ಮೇಲೆ ಇದು ನಿಮ್ಮದು' ಅನ್ನುವ ಮಾತನ್ನೇ ಅವರು ಮಾರುತ್ತಿದ್ದರು. ಡಿಆರ್‌ಎಂ ಇಲ್ಲ, ಅಂದರೆ ಗೇಮ್ ತೆರೆದಾಗಲೆಲ್ಲ ಕಂಪನಿಯ ಸರ್ವರ್ ಅಪ್ಪಣೆ ಕೊಡಬೇಕಾಗಿಲ್ಲ. ಅಂಥ ಅಂಗಡಿ ತಮಾಷೆ ಮಾಡಲು ಆರಿಸಿಕೊಂಡದ್ದು ಗಿರಾಕಿಯ ಅದೇ ಭಯವನ್ನು. ಇಳಿಸಿ ಇಟ್ಟುಕೊಂಡವರು ಆ ದಿನಗಳಲ್ಲೂ ನೆಮ್ಮದಿಯಾಗಿ ಆಡಿದರು. ಅಂಗಡಿಯನ್ನು ನಂಬಿ ಇಳಿಸದೆ ಬಿಟ್ಟವರು ಕಾಯುತ್ತಾ ಕೂತರು. ಜಾಸ್ತಿ ನಂಬಿದವರಿಗೇ ಜಾಸ್ತಿ ಪೆಟ್ಟು ಬಿತ್ತು, ಅಲ್ವಾ?

ಇಂಥದ್ದು ನಮ್ಮ ದೇಶದಲ್ಲೂ ನಡೆದಿದೆ. 2024ರ ಡಿಸೆಂಬರಿನಲ್ಲಿ ಮನೆಗೆ ಬಂದು ಬ್ಯೂಟಿ ಪಾರ್ಲರ್ ಸೇವೆ ಕೊಡುವ ಯೆಸ್‌ಮೇಡಂ ಕಂಪನಿಯ ಒಂದು ಇಮೇಲ್ ಎಲ್ಲ ಕಡೆ ಹರಿದಾಡಿತು. ಒತ್ತಡ ಇದೆ ಅಂದ ನೌಕರರನ್ನೇ ಕೆಲಸದಿಂದ ತೆಗೆದಿದ್ದೇವೆ ಅಂತ ಅದರಲ್ಲಿತ್ತು. ಆಮೇಲೆ ಕಂಪನಿಯೇ ಯಾರನ್ನೂ ತೆಗೆದಿಲ್ಲ, ಒತ್ತಡದ ಬಗ್ಗೆ ಗಮನ ಸೆಳೆಯಲು ಮಾಡಿದ್ದು ಅಂದಿತು. ಕೆಲಸ ಹೋಗುವ ಭಯವನ್ನು ಪ್ರಚಾರಕ್ಕೆ ಬಳಸಬಾರದು. ಅಷ್ಟೇ.

ಹಾಗಿದ್ದೂ ಜಿಒಜಿಯನ್ನು ಯಾಕೆ ಕೊಂಡಾಡುತ್ತೇನೆ ಅಂದರೆ, ಇಲ್ಲಿ ಅಂಗಡಿಯನ್ನು ನಂಬಲೇಬೇಕು ಅಂತಿಲ್ಲ. ಗೇಮ್ ಕೊಂಡ ಮೇಲೆ ನಿಮ್ಮ ಲೈಬ್ರರಿ ಪುಟದಲ್ಲಿ 'ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್' ಅಂತ ಕಾಣುತ್ತದೆ, ಅಂದರೆ ನೆಟ್ ಇಲ್ಲದೆಯೂ ಗೇಮನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವ ಫೈಲ್. ಅದನ್ನು ಇಳಿಸಿ ಹಾರ್ಡ್ ಡಿಸ್ಕಿಗೆ ಹಾಕಿಕೊಂಡರೆ ನಾಳೆ ಸೈಟ್ ನಿಜವಾಗಿ ಮುಚ್ಚಿದರೂ ನಿಮ್ಮ ಗೇಮ್ ನಿಮ್ಮ ಹತ್ತಿರ ಇರುತ್ತದೆ. ಬೇರೆ ಎಷ್ಟೋ ಕಡೆ ಹೀಗಿಲ್ಲ. ಯೂಬಿಸಾಫ್ಟ್ ಎಂಬ ಗೇಮ್ ಕಂಪನಿ 2024ರ ಮಾರ್ಚ್ ಕೊನೆಗೆ 'ದಿ ಕ್ರೂ' ಗೇಮಿನ ಸರ್ವರ್ ನಿಲ್ಲಿಸಿದಾಗ ದುಡ್ಡು ಕೊಟ್ಟವರಿಗೂ ಆಟ ಇಲ್ಲವಾಯಿತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ದುಡ್ಡು ವಾಪಸ್ ಬಂತು, ಪುಸ್ತಕಗಳು ಹೋದವು. ನೀವು ಕೊಳ್ಳುತ್ತಿರುವುದು ಬರೀ ಲೈಸೆನ್ಸ್ ಅಂತ ಸ್ಟೀಮ್ ಎಂಬ ಇನ್ನೊಂದು ಗೇಮ್ ಅಂಗಡಿ 2024ರಿಂದ ಪಾವತಿ ಮಾಡುವ ಜಾಗದಲ್ಲೇ ಹೇಳುತ್ತಿದೆ. ಜಿಒಜಿಯಲ್ಲೂ ಕಾನೂನಿನ ಪ್ರಕಾರ ಲೈಸೆನ್ಸೇ, ಆದರೆ ಇಳಿಸಿಕೊಂಡ ಫೈಲನ್ನು ಯಾರೂ ದೂರದಿಂದ ಕಿತ್ತುಕೊಳ್ಳಲು ಆಗದು.

ಕೊರತೆಗಳೂ ಇವೆ. 2020ರ ಡಿಸೆಂಬರಿನಲ್ಲಿ ತೈವಾನಿನ 'ಡಿವೋಷನ್' ಗೇಮ್ ತರುತ್ತೇವೆ ಅಂತ ಹೇಳಿ, ಅದೇ ದಿನ ಗೇಮರ್‌ಗಳಿಂದ ತುಂಬಾ ಸಂದೇಶ ಬಂದವು ಅಂತ ಕಾರಣ ಕೊಟ್ಟು ಕೈಬಿಟ್ಟರು. ಆ ಕಾರಣವನ್ನು ನಾನು ನಂಬಲಿಲ್ಲ, ಚೀನಾದ ಅಧ್ಯಕ್ಷರನ್ನು ಅಣಕಿಸಿದ್ದಕ್ಕೆ ಆ ಗೇಮಿನ ಬಗ್ಗೆ ಅಲ್ಲಿ ಎದ್ದಿದ್ದ ಗಲಾಟೆ ಎಲ್ಲರಿಗೂ ಗೊತ್ತಿತ್ತು. 2021ರಲ್ಲಿ 'ಹಿಟ್‌ಮ್ಯಾನ್' ಮಾರಿದರು. ಅದರ ಎಷ್ಟೋ ಭಾಗಕ್ಕೆ ಇಂಟರ್ನೆಟ್ ಬೇಕೇ ಬೇಕಿತ್ತು, ಜನ ಗಲಾಟೆ ಮಾಡಿದ ಮೇಲೆ ತೆಗೆದರು. ಒಳ್ಳೆಯದು ಅಂದರೆ ರೀಫಂಡ್: ಕೊಂಡು 30 ದಿನದ ಒಳಗೆ, ಆಡಿ ನೋಡಿದ್ದರೂ, ದುಡ್ಡು ವಾಪಸ್ ಕೇಳಬಹುದು. 2020ರಿಂದ ಈ ನಿಯಮ ಇದೆ. ಸುಮ್ನೆ ಯಾರೂ ಇದನ್ನು ದುರುಪಯೋಗ ಮಾಡಬೇಡಿ.

ಇಳಿಸುವಾಗ ಒಂದು ವಿಷಯ ನೋಡಿಕೊಳ್ಳಿ. ದೊಡ್ಡ ಗೇಮ್‌ಗಳ ಇನ್‌ಸ್ಟಾಲರ್ ಒಂದು ಸೆಟಪ್ ಫೈಲ್, ಜೊತೆಗೆ ಸುಮಾರು 4 ಜಿಬಿಯ ತುಂಡುಗಳಾಗಿ ಬರುತ್ತದೆ. ಎಲ್ಲ ತುಂಡೂ ಒಂದೇ ಫೋಲ್ಡರಿನಲ್ಲಿ ಇರಬೇಕು, ಒಂದು ಬಿಟ್ಟುಹೋದರೂ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ. ಅಪ್‌ಡೇಟ್ ಬಂದಾಗ ಹೊಸ ಇನ್‌ಸ್ಟಾಲರನ್ನು ನೀವೇ ಮತ್ತೆ ಇಳಿಸಬೇಕು. ಇಳಿಸಿದ ಮೇಲೆ ನೆಟ್ ಆಫ್ ಮಾಡಿ ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ.