ಡ್ರಮ್‌ಹೆಲ್ಲರ್‌ಗೆ ಒಂದೇ ದಿನ: ಮ್ಯೂಸಿಯಂ, ಗಣಿ, ಕಣಿವೆ, ಯಾವುದಕ್ಕೆ ಎಷ್ಟು ಹೊತ್ತು

ಡ್ರಮ್‌ಹೆಲ್ಲರ್ ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಡೈನೋಸಾರ್ ಪಳೆಯುಳಿಕೆಗಳಿಗೆ ಹೆಸರಾದ ಊರು. ಕ್ಯಾಲ್ಗರಿ ನಗರದಿಂದ ಈಶಾನ್ಯಕ್ಕೆ ಸುಮಾರು 135 ಕಿ.ಮೀ., ಕಾರಿನಲ್ಲಿ ಒಂದೂವರೆ ಗಂಟೆ. ಊರಿಂದ ಬಂದ ಅಪ್ಪ ಅಮ್ಮನನ್ನೋ ರಜೆಯಲ್ಲಿರುವ ಮಕ್ಕಳನ್ನೋ ಕೂರಿಸಿಕೊಂಡು ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವವರೇ ಹೆಚ್ಚು. ಅಂಥವರಿಗೆ ನನ್ನ ಮಾತು ಇಷ್ಟು: ಟಿಕೆಟ್ ದುಡ್ಡನ್ನು ರಾಯಲ್ ಟಿರೆಲ್ ಮ್ಯೂಸಿಯಂಗೂ ಅಟ್ಲಾಸ್ ಕಲ್ಲಿದ್ದಲು ಗಣಿಗೂ ಹಾಕಿ, ಮಿಕ್ಕಿದ್ದನ್ನು ದಾರಿಯಲ್ಲಿ ಆದಷ್ಟು ನೋಡಿ. ಎರಡರಲ್ಲಿ ಒಂದಕ್ಕೇ ಹೊತ್ತಿದ್ದರೆ ಮ್ಯೂಸಿಯಂ.

ಮ್ಯೂಸಿಯಂ ನೋಡದೆ ಕಣಿವೆಗೆ ಇಳಿದವರ ಕಣ್ಣಿಗೆ ಅದು ಬರೀ ಪಟ್ಟೆಪಟ್ಟೆ ಮಣ್ಣುಗುಡ್ಡ. 1884ರಲ್ಲಿ ಜೋಸೆಫ್ ಬರ್ ಟಿರೆಲ್ ಎಂಬ ಭೂವಿಜ್ಞಾನಿ ಸರ್ಕಾರದ ಸರ್ವೆ ಕೆಲಸದ ಮೇಲೆ ಕಲ್ಲಿದ್ದಲು ಹುಡುಕುತ್ತ ಬಂದ. ಅವನಿಗೆ ಕಂಡದ್ದು ಮಾಂಸಾಹಾರಿ ಡೈನೋಸಾರ್ ಒಂದರ ತಲೆಬುರುಡೆ. ಅದಕ್ಕೆ ಆಲ್ಬರ್ಟೋಸಾರಸ್ ಎಂದು ಹೆಸರಾದದ್ದು 1905ರಲ್ಲಿ, ಆಲ್ಬರ್ಟಾ ಪ್ರಾಂತ್ಯವಾದ ವರ್ಷದಲ್ಲೇ. ಇಲ್ಲಿ ಕಲ್ಲಿದ್ದಲೂ ಡೈನೋಸಾರೂ ಒಂದೇ ಪದರಗಳಲ್ಲಿವೆ. ಸುಮಾರು 7 ಕೋಟಿ ವರ್ಷದ ಹಿಂದೆ ಒಳನಾಡಿನ ಸಮುದ್ರದ ಅಂಚಿನಲ್ಲಿ ಜೌಗುಕಾಡಿತ್ತು. ಅದರ ಗಿಡಮರ ಕೊಳೆತು, ಒತ್ತಡಕ್ಕೆ ಸಿಕ್ಕಿ ಕಲ್ಲಿದ್ದಲಾಯಿತು. ಹೊಳೆಗಳ ಮರಳು, ಹೂಳಿನಲ್ಲಿ ಮುಚ್ಚಿಹೋದ ಎಲುಬು ಪಳೆಯುಳಿಕೆಯಾಯಿತು. ಮ್ಯೂಸಿಯಂ, ಗಣಿ ಎರಡನ್ನೂ ಒಂದೇ ದಿನ ನೋಡಿ ಎನ್ನುವುದು ಇದಕ್ಕೇ. ಒಂದೇ ಸಂಗತಿಯ ಎರಡು ಅರ್ಧಗಳು ಅವು.

ಒಳಗೆ ಹೋದ ಮೇಲೆ ಬೇರೆಲ್ಲ ಓಡಿಸಿಕೊಂಡು ನೋಡಿದರೂ ನೋಡೋಸಾರ್ ಎಂಬ ಗುರಾಣಿಮೈಯ ಡೈನೋಸಾರ್ ಮುಂದೆ ಮಾತ್ರ ನಿಂತುಕೊಳ್ಳಿ. 2011ರಲ್ಲಿ ಉತ್ತರದ ಫೋರ್ಟ್ ಮೆಕ್‌ಮರ್ರಿ ಕಡೆಯ ತೈಲಮರಳು ಗಣಿಯಲ್ಲಿ ಸಿಕ್ಕಿದ, ಸುಮಾರು 11 ಕೋಟಿ ವರ್ಷ ಹಳೆಯ ಪ್ರಾಣಿ. ಸತ್ತ ಮೇಲೆ ಸಮುದ್ರಕ್ಕೆ ತೇಲಿಹೋಗಿ ತಳದ ಕೆಸರಿನಲ್ಲಿ ಬೇಗ ಹೂತುಹೋದದ್ದರಿಂದ ಬೆನ್ನಿನ ಗುರಾಣಿಯಂಥ ಫಲಕಗಳು, ಅವುಗಳ ನಡುವಿನ ಚರ್ಮ, ಹೆಗಲ ಮುಳ್ಳು ಎಲ್ಲ ಇದ್ದ ಜಾಗದಲ್ಲೇ ಉಳಿದಿವೆ. ಎಲುಬುಗೂಡಲ್ಲ, ಮೈಯೇ ಕಲ್ಲಾದ ಪ್ರಾಣಿ. ಸುತ್ತಲಿನ ಕಲ್ಲನ್ನು ಕೆರೆದು ತೆಗೆಯಲು ಮಾರ್ಕ್ ಮಿಚೆಲ್ ಎಂಬ ತಂತ್ರಜ್ಞರಿಗೆ ಸುಮಾರು 7,000 ಗಂಟೆ ಹಿಡಿಯಿತು. ಪ್ರಭೇದಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಇಂಥ ಕೆಲಸ ನಡೆಯುವ ಪ್ರಯೋಗಾಲಯಕ್ಕೆ ಗಾಜಿನ ಕಿಟಕಿ ಇದೆ, ಅಲ್ಲೂ ಐದು ನಿಮಿಷ ನಿಲ್ಲಿ. ಮ್ಯಾಂಗನೀಸ್‌ನಿಂದ ಕಪ್ಪಾದ ಟಿ. ರೆಕ್ಸ್ ಡೈನೋಸಾರ್‌ನ ಎಲುಬುಗಳನ್ನು ಮಕ್ಕಳು ತಾವೇ ಹುಡುಕಿಕೊಳ್ಳುತ್ತಾರೆ.

ಬೇಸಿಗೆಯಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಹನ್ನೊಂದರ ಮೇಲೆ ಬಸ್ಸುಗಳು ಬಂದು ನಿಂತವೆಂದರೆ ಗಾಜಿನ ಮುಂದೆ ಜಾಗ ಸಿಗುವುದಿಲ್ಲ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಚಳಿಗಾಲದಲ್ಲಿ ಸೋಮವಾರ ರಜೆ ಇರುತ್ತದೆ, ಹೊರಡುವ ಮುನ್ನ ಅದೊಂದನ್ನು ನೋಡಿಕೊಳ್ಳಿ. ಮೂರು ಗಂಟೆ ಸಾಕು. ಅದಕ್ಕಿಂತ ಹೆಚ್ಚಾದರೆ ಹಿರಿಯರ ಕಾಲು ಸೋಲುತ್ತದೆ.

ಊರಿನ ನಡುವೆ ನಿಂತಿರುವ ದೊಡ್ಡ ಡೈನೋಸಾರ್ ಗೊಂಬೆ 26.3 ಮೀಟರ್ ಎತ್ತರ, ಒಳಗೆ 106 ಮೆಟ್ಟಿಲು, ತುದಿಯಲ್ಲಿ ಬಾಯಿಯೊಳಗೆ ಹತ್ತು ಜನ ನಿಂತರೆ ಭರ್ತಿ. ಕೆಳಗೆ ನಿಂತು ಫೋಟೋ ತೆಗೆಯಲು ದುಡ್ಡಿಲ್ಲ, ಅಷ್ಟು ಸಾಕು. ಪಕ್ಕದ ನೀರಾಟದ ಜಾಗವೂ ಪುಕ್ಕಟೆ.

ಈಗ ಕಣಿವೆಗಳು. ಜನ ಹಾರ್ಸ್‌ಶೂ ಕ್ಯಾನಿಯನ್‌ಗೂ ಹಾರ್ಸ್‌ಥೀಫ್ ಕ್ಯಾನಿಯನ್‌ಗೂ ಹೋಲಿಕೆ ಮಾಡುತ್ತಾರೆ. ನೋಟದಲ್ಲಿ ಹಾರ್ಸ್‌ಥೀಫ್ ಒಂದು ಕೈ ಮೇಲು: ಜನ ಕಮ್ಮಿ, ದುಂಡು ತಲೆಯ ಗುಡ್ಡಗಳು ಸಾಲಾಗಿ ರೆಡ್ ಡಿಯರ್ ನದಿಯ ಕಡೆಗೆ ಇಳಿಯುತ್ತವೆ. ಆದರೂ ನನ್ನ ಆಯ್ಕೆ ಹಾರ್ಸ್‌ಶೂ. ಅದು 9ನೇ ಹೆದ್ದಾರಿಯ ಪಕ್ಕದಲ್ಲೇ, ಊರಿಗೆ 17 ಕಿ.ಮೀ. ಮುಂಚೆ, ಕ್ಯಾಲ್ಗರಿ ದಾರಿಯಲ್ಲೇ ಇದೆ, ಕೆಳಗಿಳಿಯಲು ಮೆಟ್ಟಿಲಿದೆ. ಹಾರ್ಸ್‌ಥೀಫ್‌ನಲ್ಲಿ ಇರುವುದು ಕಾಲುದಾರಿ ಮಾತ್ರ.

ಮೆಟ್ಟಿಲಿನ ಮಾತು ಯಾಕೆಂದರೆ ಇಲ್ಲಿನ ಮಣ್ಣು. ಈ ಊರಿನ ಪ್ರವಾಸ ಕೆಡಿಸುವುದು ಬಿಸಿಲಲ್ಲ, ಜನಜಂಗುಳಿಯಲ್ಲ, ಬೆಂಟೊನೈಟ್ ಜೇಡಿ. ಹಿಂದೆ ಪಶ್ಚಿಮದ ಜ್ವಾಲಾಮುಖಿಗಳಿಂದ ಹಾರಿಬಂದು ಬಿದ್ದ ಬೂದಿ ಕಾಲಾಂತರದಲ್ಲಿ ಈ ಜೇಡಿಯಾಗಿದೆ. ಇದರಲ್ಲಿ ಹೆಚ್ಚಾಗಿರುವುದು ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಅದರ ತೆಳುಪದರಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ನಮ್ಮ ಗದಗ, ಧಾರವಾಡ ಕಡೆಯ ಎರೆಮಣ್ಣಿನ ಗುಣಕ್ಕೂ ಇದೇ ಗುಂಪಿನ ಜೇಡಿ ಕಾರಣ. ಮಳೆಗಾಲದಲ್ಲಿ ಎರೆಹೊಲ ದಾಟಿದವರಿಗೆ ಮುಂದಿನದ್ದು ವಿವರಿಸಬೇಕಿಲ್ಲ.

ಒಂದು ವ್ಯತ್ಯಾಸ ಮಾತ್ರ ಗೊತ್ತಿರಲಿ. ಹೊಲ ಸಮತಟ್ಟು, ಇಲ್ಲಿ ಎಲ್ಲವೂ ಇಳಿಜಾರು. ನಾಲ್ಕು ಹನಿ ಬಿದ್ದರೆ ಮೇಲಿನ ತೆಳು ಪದರ ಉಬ್ಬಿ ಒಳಗೆ ನೀರಿಳಿಯದಂತೆ ಮುಚ್ಚಿಕೊಳ್ಳುತ್ತದೆ. ಕೆಳಗೆ ಗಟ್ಟಿ ಒಣಮಣ್ಣು, ಮೇಲೆ ಲೋಳೆ. ಬೂಟಿನ ಅಡಿ ಎಷ್ಟು ಒರಟಾಗಿದ್ದರೂ ಅದರ ಗೀರುಗಳಲ್ಲಿ ಜೇಡಿ ತುಂಬಿ ಅಡಿ ನುಣುಪಾಗುತ್ತದೆ. ಹತ್ತು ಹೆಜ್ಜೆಗೆ ಒಂದೊಂದು ಕಾಲೂ ಭಾರ. ಇಳಿಯುವಾಗ ಜಾರಿಕೊಂಡಾದರೂ ಇಳಿದುಬಿಡುತ್ತೀರಿ, ಹತ್ತಿ ಬರುವುದೇ ಕಷ್ಟ. ಅದಕ್ಕೆ ಇಳಿಯುವ ಮುನ್ನ ಒಂದು ಪರೀಕ್ಷೆ: ಕಾಲುದಾರಿ ಶುರುವಾಗುವಲ್ಲಿ ಹಿಮ್ಮಡಿ ಊರಿ ಅರ್ಧ ಸುತ್ತು ತಿರುಗಿಸಿ. ಮಣ್ಣು ಪುಡಿಯಾಗಿ ಒಡೆದರೆ ಹೋಗಿ. ಒತ್ತಿದ ಗುರುತು ಮಿರಮಿರ ಹೊಳೆದು ಜೇಡಿ ಹಿಮ್ಮಡಿಗೆ ಅಂಟಿದರೆ ಮೇಲಿಂದಲೇ ನೋಡಿ ಬನ್ನಿ.

ಮಳೆ ನಿಂತ ಮೇಲೆ ಬಿಸಿಲು, ಗಾಳಿ ಇದ್ದರೆ ತೆಂಕಣಕ್ಕೆ ಮುಖ ಮಾಡಿದ ಇಳಿಜಾರು ಬೇಗ ಒಣಗುತ್ತದೆ. ನೆರಳಿನ ಬದಿಯೂ ತಳದ ತೋಡುಗಳೂ ಇನ್ನೂ ಹಸಿಯಾಗಿರುತ್ತವೆ. ಚೆನ್ನಾಗಿ ಒಣಗಿದ ಗುಡ್ಡದ ಮೈ ಸಣ್ಣ ಸಣ್ಣ ಉಂಡೆ ಉದುರಿಸಿದಂತೆ ಬಿರಿದಿರುತ್ತದೆ, ಅದೇ ಗುರುತು. ಹಾಗೆಂದು ಆ ಒಣಉಂಡೆಗಳ ಮೇಲೆ ಓಡಬೇಡಿ, ಅವೂ ಉರುಳುತ್ತವೆ. ಬೂಟು ಕೆಸರಾದರೆ ನೀರು ಹಾಕಿ ತೊಳೆಯಲು ಹೋಗಬೇಡಿ, ಇನ್ನಷ್ಟು ಲೋಳೆಯಾಗುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮನೆಗೆ ತಂದು, ಪೂರ್ತಿ ಒಣಗಿಸಿ, ಎರಡನ್ನೂ ಒಂದಕ್ಕೊಂದು ಬಡಿದರೆ ಹೆಂಟೆಯಾಗಿ ಉದುರುತ್ತದೆ. ಕಾರಿನಲ್ಲಿ ಇನ್ನೊಂದು ಜೊತೆ ಚಪ್ಪಲಿ ಇರಲೇಬೇಕು.

ಕಣಿವೆಯಲ್ಲಿ ಎಲುಬಿನಂಥದ್ದು ಕಂಡರೆ ಅಗೆಯಬೇಡಿ, ಜೇಬಿಗೂ ಹಾಕಿಕೊಳ್ಳಬೇಡಿ. ಆಲ್ಬರ್ಟಾದ ಪಳೆಯುಳಿಕೆಗಳು ಪ್ರಾಂತ್ಯದ ಸ್ವತ್ತು, ಅಗೆಯಲು ಪರವಾನಗಿ ಬೇಕು. ಫೋಟೋ ತೆಗೆದು, ಜಾಗ ಗುರುತು ಮಾಡಿಕೊಂಡು ಮ್ಯೂಸಿಯಂಗೆ ತಿಳಿಸಿದರಾಯಿತು.

ಹೂಡೂ ಕಂಬಗಳಿಗೆ ಪೋಸ್ಟರ್‌ಗಳಲ್ಲಿ ಸಿಗುವ ಮರ್ಯಾದೆ ಜಾಸ್ತಿಯಾಯಿತು ಎನ್ನುವುದು ನನ್ನ ಅಭಿಪ್ರಾಯ. 10ನೇ ಹೆದ್ದಾರಿಯಲ್ಲಿ ಊರಿಂದ ಸುಮಾರು 16 ಕಿ.ಮೀ. ಮೆತ್ತನೆಯ ಮರಳುಗಲ್ಲಿನ ಕಂಬ, ಅದರ ತಲೆಯ ಮೇಲೆ ಗಟ್ಟಿ ಕಲ್ಲಿನ ಟೊಪ್ಪಿ. ಟೊಪ್ಪಿ ಮಳೆನೀರು ತಡೆಯುವವರೆಗೆ ಕಂಬ ನಿಂತಿರುತ್ತದೆ, ಅದು ಬಿದ್ದ ಮೇಲೆ ಕಂಬ ಬೇಗ ಕರಗುತ್ತದೆ. ಎತ್ತರ 5ರಿಂದ 7 ಮೀಟರ್ ಅಷ್ಟೆ, ಜಾಗವೂ ಚಿಕ್ಕದು. ಪಾರ್ಕಿಂಗ್ ಶುಲ್ಕ ಕೊಟ್ಟು, ಕಬ್ಬಿಣದ ಮೆಟ್ಟಿಲ ಮೇಲೆ ಜನರ ನಡುವೆ ಇಪ್ಪತ್ತು ನಿಮಿಷ. ಗಣಿಗೆ ಹೋಗುವ ದಾರಿಯಲ್ಲೇ ಇರುವುದರಿಂದ ನಿಲ್ಲಿಸಿ ನೋಡಿ, ಇದಕ್ಕೆಂದೇ ಹೋಗುವಂಥದ್ದಲ್ಲ. ಕಂಬಗಳನ್ನು ಮುಟ್ಟಲು, ಹತ್ತಲು ಮಕ್ಕಳನ್ನು ಬಿಡಬೇಡಿ.

ಅಲ್ಲಿಂದ ಮುಂದೆ ಈಸ್ಟ್ ಕೂಲಿ ಎಂಬ ಪುಟ್ಟ ಊರಿನ ಬಳಿ ನದಿಯಾಚೆಗೆ ಅಟ್ಲಾಸ್ ಗಣಿ. ಡೈನೋಸಾರ್ ನೋಡಲು ಬಂದವರು ಇದನ್ನು ಬಿಟ್ಟು ಹೋಗುವುದು ಕಂಡರೆ ಹೊಟ್ಟೆ ಉರಿಯುತ್ತದೆ. 1911ರಿಂದ 1979ರವರೆಗೆ ಈ ಕಣಿವೆಯಲ್ಲಿ 139 ಗಣಿಗಳು ನೋಂದಣಿಯಾಗಿದ್ದವು. ಅಟ್ಲಾಸ್ ಮುಚ್ಚುವುದರೊಂದಿಗೆ ಆ ಕಾಲ ಮುಗಿಯಿತು. ಇಲ್ಲಿನ ಕಲ್ಲಿದ್ದಲು ಮನೆ ಬೆಚ್ಚಗಿಡಲು ಹೋಗುತ್ತಿತ್ತು. 1947ರಲ್ಲಿ ಇದೇ ಪ್ರಾಂತ್ಯದ ಲೆಡುಕ್‌ನಲ್ಲಿ ಎಣ್ಣೆ ಸಿಕ್ಕ ಮೇಲೆ ಮನೆಗಳಿಗೆ ಗ್ಯಾಸ್ ಬಂತು, ರೈಲುಗಳು ಡೀಸೆಲ್‌ಗೆ ತಿರುಗಿದವು, ಗಣಿಗಳು ಒಂದೊಂದಾಗಿ ನಿಂತವು.

ಉಳಿದಿರುವ ಮರದ ಕಟ್ಟಡದ ಹೆಸರು ಟಿಪ್ಪಲ್. ಕೆನಡಾದಲ್ಲಿ ಮರದಲ್ಲಿ ಕಟ್ಟಿದ ಟಿಪ್ಪಲ್‌ಗಳಲ್ಲಿ ನಿಂತಿರುವ ಕೊನೆಯದು. ಗುಡ್ಡದ ಮೇಲಿಂದ ಕನ್ವೇಯರ್‌ನಲ್ಲಿ ಬಂದ ಕಲ್ಲಿದ್ದಲನ್ನು ಇಲ್ಲಿ ಜರಡಿಗಳ ಮೇಲೆ ಕುಲುಕಿಸಿ ಗಾತ್ರದ ಪ್ರಕಾರ ಬೇರೆ ಮಾಡುತ್ತಿದ್ದರು. ಕಲ್ಲುಚೂರನ್ನು ಆಳುಗಳು ಕೈಯಲ್ಲೇ ಆರಿಸಿ ತೆಗೆಯುತ್ತಿದ್ದರು, ಉಳಿದ ಕಲ್ಲಿದ್ದಲು ಕೆಳಗೆ ನಿಂತ ರೈಲು ಡಬ್ಬಿಗೆ ಬೀಳುತ್ತಿತ್ತು. ಆ ಜರಡಿಗಳ ಪಕ್ಕದಲ್ಲಿ ನಿಂತಾಗ, ಆ ಸದ್ದು, ಆ ಧೂಳಿನಲ್ಲಿ ದಿನವಿಡೀ ಕಲ್ಲು ಆರಿಸಿದವರ ಬದುಕು ಎಂಥದ್ದಿತ್ತೆಂದು ಗೊತ್ತಾಗುತ್ತದೆ.

ಪ್ರವೇಶದ ಟಿಕೆಟ್ ಬೇರೆ, ಗೈಡ್ ಜೊತೆಗಿನ ಸುತ್ತು ಬೇರೆ ಎಂಬುದು ನೆನಪಿರಲಿ. ಬರೀ ಪ್ರವೇಶಕ್ಕೆ ಕೊಟ್ಟು ಅಂಗಳ ಸುತ್ತಿ ಬಂದವರೇ ‘ಅಲ್ಲೇನಿಲ್ಲ’ ಎನ್ನುವವರು. ಟಿಪ್ಪಲ್ ಒಳಗಿನ ಸುತ್ತಿಗೆ ಸಮಯ ನೋಡಿ ಕಾದಿರಿಸಿ. ಒಳಗೆ ಕಡಿದಾದ ಮೆಟ್ಟಿಲು, ಕರಿಧೂಳು. ಬಿಳಿ ಬಟ್ಟೆ, ತೆರೆದ ಚಪ್ಪಲಿ ಬೇಡ. ಮಂಡಿನೋವಿನವರಿಗೆ ಪುಟ್ಟ ರೈಲಿನ ಸವಾರಿ ಇದೆ. ಚಳಿಗಾಲದಲ್ಲಿ ಗಣಿಗೆ ಹೋಗಿ ಫಲವಿಲ್ಲ.

ಮ್ಯೂಸಿಯಂ, ಹಾರ್ಸ್‌ಥೀಫ್, ಬ್ಲೆರಿಯೊ ಫೆರಿ ಸೇರಿಸಿ 48 ಕಿ.ಮೀ. ಸುತ್ತು ಹಾಕುವ ಡೈನೋಸಾರ್ ಟ್ರೇಲ್ ಇನ್ನೊಂದು ದಾರಿ. ಫೆರಿ 1913ರಿಂದ ಇದೆ, ಉಕ್ಕಿನ ಹಗ್ಗ ಹಿಡಿದು ಕಾರುಗಳನ್ನು ದಾಟಿಸುತ್ತದೆ, ದುಡ್ಡಿಲ್ಲ. ನದಿ ತುಂಬಾ ಏರಿದರೂ ಇಳಿದರೂ ನಿಲ್ಲಿಸುತ್ತಾರೆ, ಆಗ ಬಂದ ದಾರಿಯಲ್ಲೇ ವಾಪಸ್. ನಡೆಯಲಾಗದ ಹಿರಿಯರಿದ್ದರೆ ಗಣಿ ಬಿಟ್ಟು ಇದನ್ನು ಹಿಡಿಯಿರಿ. ನದಿಯಾಚೆಯ ಆರ್ಕ್ನಿ ನೋಟದ ತಾಣಕ್ಕೆ ಹತ್ತಬೇಕಾದ್ದೇ ಇಲ್ಲ.

ನಾನು ಹಾಕುವ ಲೆಕ್ಕ ಹೀಗೆ: ಒಂಬತ್ತಕ್ಕೆ ಮ್ಯೂಸಿಯಂ, ಹೊರಗಿನ ಮೇಜಿನಲ್ಲಿ ಕಟ್ಟಿಕೊಂಡು ಬಂದ ಚಿತ್ರಾನ್ನ, ಮಧ್ಯಾಹ್ನದ ಬಿಸಿಲಿಗೆ ಗಣಿ, ಹೋಗುತ್ತ ಹೂಡೂ, ಸಂಜೆ ಮನೆದಾರಿಯಲ್ಲಿ ಹಾರ್ಸ್‌ಶೂ. ಬೆಳಿಗ್ಗೆ ಮಳೆ ಬಿದ್ದಿದ್ದರೂ ಸಂಜೆಗೆ ಜೇಡಿ ಒಣಗಲು ಅವಕಾಶ ಸಿಗುತ್ತದೆ. ಬೇಸಿಗೆಯಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ, ಓರೆ ಬಿಸಿಲಿನಲ್ಲಿ ಕಲ್ಲಿದ್ದಲಿನ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ದುಡ್ಡು ಕಡಿಮೆಯಿದ್ದರೆ ಮೊದಲು ಗೊಂಬೆಯ ಬಾಯಿ ಬಿಡಿ, ಆಮೇಲೆ ಹೂಡೂ. ಯುನೆಸ್ಕೊ ಪಟ್ಟಿಯಲ್ಲಿರುವ ಡೈನೋಸಾರ್ ಪ್ರಾವಿನ್ಶಿಯಲ್ ಪಾರ್ಕ್ ಇದೇ ಊರಿನಲ್ಲಿದೆ ಎಂದುಕೊಂಡು ಬರುವವರಿದ್ದಾರೆ. ಅದಿರುವುದು ಆಗ್ನೇಯಕ್ಕೆ ಬ್ರೂಕ್ಸ್ ಬಳಿ, ಇಲ್ಲಿಂದ ಸುಮಾರು ಎರಡು ಗಂಟೆ ದಾರಿ. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.