ಗೋಕರ್ಣದ ಬಂಡೆ ದಾರಿ: ನೀರಿನ ಹೊತ್ತು ಕೇಳದೆ ಇಳಿಯಬೇಡಿ

ದೀಪಾವಳಿ ರಜೆಗೆ ಗೋಕರ್ಣಕ್ಕೆ ಹೊರಟಾಗ ಅಮ್ಮ ಒಂದೇ ಮಾತು ಹೇಳಿದ್ದಳು, ‘ಅಮಾವಾಸ್ಯೆ ದಿನ ಎಲ್ಲೂ ಅಲೆಯಬೇಡಿ.’ ನಾವು ನಕ್ಕುಬಿಟ್ಟೆವು.

ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಈ ನಾಲ್ಕು ಬೀಚ್‌ಗಳನ್ನು ಒಂದೇ ದಿನ ನಡೆದು ಮುಗಿಸುವವರು ಬೇಕಾದಷ್ಟು ಜನ ಇದ್ದಾರೆ. ಮಾಮೂಲಿ ಕಾಲುದಾರಿ ಗುಡ್ಡದ ಮೇಲೆ ಹೋಗುತ್ತದೆ. ನಾವು ಉಳಿದಿದ್ದ ಹೋಮ್‌ಸ್ಟೇ ಹುಡುಗ ಮಾತ್ರ, ‘ಗುಡ್ಡ ಯಾಕೆ ಹತ್ತುತ್ತೀರಿ ಸರ್, ಹಾಫ್ ಮೂನ್ ದಾಟಿದ ಮೇಲೆ ಬಂಡೆ ಮೇಲೇ ಹೋಗಿ, ಫೋಟೋ ಚೆನ್ನಾಗಿ ಬರುತ್ತೆ’ ಅಂದ. ಎಷ್ಟು ಹೊತ್ತಿಗೆ ಹೋಗಬೇಕು ಅಂತ ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬಂಡೆಗೆ ಇಳಿದಾಗ ಬೆಳಿಗ್ಗೆ ಒಂಬತ್ತೂವರೆ. ಮೊದಲು ಎಲ್ಲ ಸಲೀಸು. ಕರಿ ಬಂಡೆ, ನಡುವೆ ಮೊಣಕಾಲುದ್ದದ ನೀರು, ಪುಟ್ಟ ಏಡಿಗಳು. ನನ್ನ ಹೆಂಡತಿ ಪ್ರತಿ ಏಡಿಯ ಫೋಟೋ ತೆಗೆಯುತ್ತಾ ನಿಂತಳು. ಅಲ್ಲೇ ಮುಕ್ಕಾಲು ಗಂಟೆ ಹೋಯಿತು. ಒಂದು ತಿರುವು ದಾಟಿ ಹಿಂದೆ ನೋಡಿದರೆ ನಾವು ಕಾಲಿಟ್ಟು ಬಂದ ಬಂಡೆಗಳೇ ಇಲ್ಲ! ಮುಂದೆಯೂ ನೀರು. ಅಲೆ ಬಂದು ಬಡಿದಾಗ ಪಾಚಿಯಲ್ಲಿ ಜಾರಿ ಬಿದ್ದೆ. ಬಂಡೆಗೆ ಅಂಟಿದ ಚಿಪ್ಪು ಬ್ಲೇಡಿನ ಹಾಗೆ ಅಂಗೈ ಕೊಯ್ಯಿತು. ಚಪ್ಪಲಿ ಸಮುದ್ರಕ್ಕೆ. ಮೊಬೈಲ್‌ನಲ್ಲಿ ಸಿಗ್ನಲ್ ಇಲ್ಲ.

ಅಷ್ಟರಲ್ಲಿ ದೂರದಲ್ಲಿ ಒಂದು ಮೀನಿನ ದೋಣಿ ಕಂಡಿತು. ಟವೆಲ್ ಬೀಸಿ ಕೂಗಿದೆವು. ಅವರು ಹತ್ತಿರ ಬರಲಿಲ್ಲ. ಮೇಲೆ ಹತ್ತಿ, ಮೇಲೆ ಹತ್ತಿ ಅಂತ ಕೈ ಮಾಡಿ ಹೋಗಿಯೇಬಿಟ್ಟರು. ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಮೇಲೆ ತಿಳಿಯಿತು, ಅಂಥ ಅಲೆಯಲ್ಲಿ ಬಂಡೆ ಹತ್ತಿರ ಬಂದರೆ ದೋಣಿಯೇ ಒಡೆದುಹೋಗುತ್ತದೆ. ಒಂದು ಎತ್ತರದ ಬಂಡೆ ಹತ್ತಿ ಮೂರು ಗಂಟೆ ಸುಡುಬಿಸಿಲಲ್ಲಿ ಕೂತೆವು. ಇದ್ದದ್ದು ಅರ್ಧ ಬಾಟಲಿ ನೀರು.

ನೀರು ಇಳಿದ ಮೇಲೆ ಹೇಗೋ ಪ್ಯಾರಡೈಸ್ ತಲುಪಿದರೆ ಆ ದೋಣಿಯವರೇ ಅಲ್ಲಿ ಕಾಯುತ್ತಿದ್ದರು. ‘ಅಮಾಸೆ ಹುಣ್ಣಿಮೆಗೆ ನೀರು ಜಾಸ್ತಿ ಏರ್ತದೆ ತಮ್ಮಾ, ಯಾರನ್ನೂ ಕೇಳ್ಲಿಲ್ವಾ?’ ಅಂದರು ಹಿರಿಯರು. ಅಮ್ಮ ಹೇಳಿದ ಕಾರಣ ಬೇರೆ ಇರಬಹುದು, ಆದರೆ ಸೂರ್ಯ ಚಂದ್ರ ಒಂದೇ ಸಾಲಿಗೆ ಬಂದು ಸಮುದ್ರವನ್ನು ಎಳೆಯುವ ದಿನ ಅದೇ ಅಲ್ವಾ? ಉಬ್ಬರ ದಿನಕ್ಕೆ ಸಾಮಾನ್ಯವಾಗಿ ಎರಡು ಸಲ, ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ. ಆ ದಿನ ಅಲ್ಲಿ ಹನ್ನೊಂದರ ಸುಮಾರಿಗೆ ಬಂದಿತ್ತು. ಮೀನುಗಾರರ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತಿರುವ ಲೆಕ್ಕ ಇದು.

ಹೋಗುವವರು ಹೋಗಿ, ಜಾಗ ನಿಜಕ್ಕೂ ಚೆಂದ. ಆದರೆ ಗುಡ್ಡದ ದಾರಿಯಲ್ಲೇ ಹೋಗಿ. ಬಂಡೆಗೆ ಇಳಿಯಲೇಬೇಕು ಅಂದರೆ ದೋಣಿಯವರನ್ನು ಕೇಳಿ, ನೀರು ಇಳಿಯುತ್ತಿರುವಾಗ ಇಳಿಯಿರಿ. ಮಳೆಗಾಲದಲ್ಲಂತೂ ಆ ಯೋಚನೆಯೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರುತ್ತದೆ, ಕೂಗಿದರೆ ಕೇಳಲು ದೋಣಿ ಸಿಗುವುದೂ ಕಷ್ಟ.

ಸಂಜೆ ಹೋಮ್‌ಸ್ಟೇಗೆ ಮರಳಿದಾಗ ಅದೇ ಹುಡುಗ ಎರಡು ಮಕ್ಕಳಿದ್ದ ಒಂದು ಕುಟುಂಬಕ್ಕೆ ಅದೇ ದಾರಿ ಹೇಳುತ್ತಿದ್ದ. ನಾನು ಬ್ಯಾಂಡೇಜ್ ಕಟ್ಟಿದ ಕೈ ತೋರಿಸಿ, ‘ನಾಳೆ ನೀರು ಇನ್ನೂ ಮುಕ್ಕಾಲು ಗಂಟೆ ತಡವಾಗಿ, ಹನ್ನೆರಡರ ಹತ್ತಿರ ಏರುತ್ತೆ. ದಯವಿಟ್ಟು ಆ ಕಡೆ ಹೋಗಬೇಡಿ’ ಅಂದೆ.