ಮಳೆಗಾಲದ ತಾರಸಿ ತೋಟ: ನರ್ಸರಿ ಸಸಿ, ಹೆಸರಘಟ್ಟದ ಬೀಜ, ದೊಡ್ಡಮ್ಮನ ನಾಟಿ ಬೀಜ

ಬೆಂಗಳೂರಲ್ಲಿ ಮುಂಗಾರು ಹಿಡಿದ ಕೂಡಲೇ ನಾನೂ ಮೊದಲು ಮನೆ ಹತ್ತಿರದ ನರ್ಸರಿಗೇ ಹೋಗುತ್ತಿದ್ದೆ. ಸುಲಭ ಅಲ್ವಾ? ಗೇಣುದ್ದದ ಟೊಮೆಟೊ ಸಸಿ ತಂದು ಗ್ರೋ ಬ್ಯಾಗಿಗೆ ಇಟ್ಟರೆ ಆಯಿತು. ಯಾವ ತಳಿ ಅಂತ ಕೇಳಿದರೆ ಮಾತ್ರ "ಹೈಬ್ರಿಡ್ ಮೇಡಂ, ಚೆನ್ನಾಗಿ ಬರುತ್ತೆ" ಅನ್ನುವುದೇ ಉತ್ತರ.

ಎರಡು ವರ್ಷದ ಹಿಂದೆ, ಆಗಸ್ಟ್‌ನಲ್ಲಿ, ಹೂ ತುಂಬಿದ್ದ ಗಿಡ ಎಲೆ ಹಸಿರಾಗಿದ್ದಂತೆಯೇ ಜೋತು ಬಿತ್ತು. ನೀರು ಸಾಲದೇನೋ ಅಂತ ಇನ್ನಷ್ಟು ಹಾಕಿದೆ, ಪಕ್ಕದ್ದೂ ಹೋಯಿತು. ನರ್ಸರಿಯವರು ಒಂದು ಔಷಧಿ ಕೊಟ್ಟರು, ಪ್ರಯೋಜನ ಆಗಲಿಲ್ಲ. ಕೊನೆಗೆ ಸರ್ಕಾರದ ರೈತ ಸಹಾಯವಾಣಿ ಕಿಸಾನ್ ಕಾಲ್ ಸೆಂಟರ್‌ಗೆ ಫೋನ್ ಮಾಡಿದೆ. 1800-180-1551, ದುಡ್ಡು ಬೇಡ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡಬಹುದು. ಅವರು ಹೇಳಿದ ಹಾಗೆ ಕಾಂಡದ ಬುಡ ಕತ್ತರಿಸಿ ಗಾಜಿನ ಲೋಟದ ನೀರಿಗೆ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಜಾಗದಿಂದ ಹಾಲಿನ ಎಳೆಯಂತೆ ಬೆಳ್ಳಗೆ ಏನೋ ಇಳಿಯತೊಡಗಿತು. ಬ್ಯಾಕ್ಟೀರಿಯಾದ ಸೊರಗು ರೋಗ! ಇದಕ್ಕೆ ಔಷಧಿ ಹುಡುಕಿ ದುಡ್ಡು ಕಳೆಯಬೇಡಿ. ಗಿಡ ಕಿತ್ತು ಬಿಸಾಕಿ, ಆ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಹಾಕಬೇಡಿ.

ಮುಂದಿನ ವರ್ಷ ಹೆಸರಘಟ್ಟದ ಐಐಎಚ್‌ಆರ್‌ನಿಂದ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಅರ್ಕಾ ರಕ್ಷಕ್ ಟೊಮೆಟೊ ಬೀಜ ತಂದೆ. ಸೊರಗು, ಎಲೆ ಮುರುಟು, ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್) ಮೂರೂ ರೋಗ ತಡೆಯಲೆಂದೇ ಮಾಡಿದ ತಳಿ. ನರ್ಸರಿ ಸಸಿಯ ಪಕ್ಕದಲ್ಲೇ ಹೊಸ ಮಣ್ಣಲ್ಲಿ ಇಟ್ಟೆ. ನರ್ಸರಿಯದು ಎಲೆ ಮುದುಡಿ ನಿಂತಿತು, ಇದು ದೀಪಾವಳಿವರೆಗೂ ಹಣ್ಣು ಕೊಟ್ಟಿತು. ಆದರೆ ಇದು ಹೈಬ್ರಿಡ್, ಬೀಜ ಎತ್ತಿಟ್ಟರೆ ಅದೇ ಗುಣ ಬರುವುದಿಲ್ಲ, ಪ್ರತಿ ವರ್ಷ ಕೊಳ್ಳಬೇಕು. ಅಲ್ಲಿಯದೇ ಅರ್ಕಾ ಅನಾಮಿಕ ಬೆಂಡೆ ಹಾಗಲ್ಲ, ಎರಡು ಕಾಯಿ ಗಿಡದಲ್ಲೇ ಒಣಗಲು ಬಿಟ್ಟು ಬೀಜ ಮಾಡಿಕೊಂಡಿದ್ದೇನೆ. ನರ್ಸರಿಗೆ ಈಗ ದಾಸವಾಳಕ್ಕೂ ತುಳಸಿಗೂ ಮಾತ್ರ ಹೋಗುತ್ತೇನೆ.

ಅವರೆ ವಿಷಯದಲ್ಲಿ ಮಾತ್ರ ಮಾಗಡಿಯ ದೊಡ್ಡಮ್ಮನೇ ಗೆದ್ದರು. ಹೆಸರಘಟ್ಟದ ಅರ್ಕಾ ಜಯ್ ಕುಳ್ಳಗಿನ ಗಿಡ, ಯಾವ ಕಾಲಕ್ಕೆ ಹಾಕಿದರೂ ಬೇಗ ಕಾಯಿ ಬಿಡುತ್ತದೆ, ಜಾಗ ಕಮ್ಮಿ ಇದ್ದವರಿಗೆ ಒಳ್ಳೆಯದು. ದೊಡ್ಡಮ್ಮನ ನಾಟಿ ಅವರೆ ಹಗಲು ಕಿರಿದಾಗುವವರೆಗೂ ಹೂ ಬಿಡುವುದಿಲ್ಲ. ನಾನು ಒಂದು ಸಲ ಮಾರ್ಚ್‌ನಲ್ಲಿ ಹಾಕಿ ಬರೀ ಬಳ್ಳಿ ನೋಡಿದ್ದೆ. "ಆಷಾಢದಲ್ಲಿ ಹಾಕವ್ವಾ, ಸುಮ್ನೆ ಅದರ ಪಾಡಿಗೆ ಬಿಡು" ಅಂದರು ದೊಡ್ಡಮ್ಮ. ಹಾಗೇ ಮಾಡಿದೆ. ಡಿಸೆಂಬರ್ ಕೊನೆಗೆ ಕಾಯಿ ಕಿತ್ತಾಗ ಬೆರಳಿಗೆ ಎಣ್ಣೆಯ ಹಾಗೆ ಅಂಟಿತು, ಕೈ ತೊಳೆದರೂ ರಾತ್ರಿವರೆಗೆ ಸೊಗಡು ಹೋಗಲಿಲ್ಲ. ಈ ಸಲ ಅದಕ್ಕೆ ಎರಡು ಬ್ಯಾಗ್ ಜಾಸ್ತಿ ಇಟ್ಟಿದ್ದೇನೆ.